ಗೀಮಾಳ ಅವ್ವನ ದಾರಿ

ಆಗಸ್ಟ್ ಕಳೆದು ಸೆಪ್ಟೆಂಬರ್ ಬರುವ ಹೊತ್ತಿಗೆ, ಹುಣಸೂರಿನಿಂದ ಕುಶಾಲನಗರದ ಕಡೆ ಹೋಗುವ ನನ್ನ ಬಸ್ಸಿನೊಳಗೆ ಕಂಪಲಾಪುರ ಬರುವ ಮುಂಚೆಯೇ ಒಂದು ವಾಸನೆ ನುಗ್ಗುತ್ತದೆ. ಬೆಲ್ಲದ ಪಾಕವನ್ನು ಒಲೆಯ ಮೇಲಿಟ್ಟು ಮರೆತಂಥ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಕಮಟು. ಹೊರಗಿನವರು ಮೂಗು ಮುಚ್ಚಿಕೊಂಡು ಕಿಟಕಿ ಎಳೆಯುತ್ತಾರೆ. ನಮ್ಮ ಕಡೆಯವರು ಗಮನಿಸುವುದೂ ಇಲ್ಲ. ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಹದವಾಗುವ ಕಾಲ, ಅಷ್ಟೆ. ನಾನು ಕಂಡಕ್ಟರ್ ಕೆಲಸಕ್ಕೆ ಸೇರಿ ಬಹಳ ವರ್ಷವಾಯಿತು, ಬಸ್ಸಿನಲ್ಲಿ ಯಾವ ವಾಸನೆಗೂ ಹೆದರುವವಳಲ್ಲ. ಆದರೆ ಆ ಸ್ಟಾಪಿನಲ್ಲಿ ಮಾತ್ರ ಟಿಕೆಟ್ ಕೊಡುತ್ತಿದ್ದ ಕೈ ಒಂದು ಗಳಿಗೆ ನಿಲ್ಲುತ್ತದೆ. "ಏನ್ ಮೇಡಂ, ನಿದ್ದೆನಾ?" ಎಂದು ಯಾರಾದರೂ ಕೇಳಿದರೆ ಮತ್ತೆ ಹೊರಡುತ್ತದೆ.

ನಾನು ಹೇಳಹೊರಟಿರುವುದು ನನ್ನ ಬಲಗೈ ಮುರಿದ ವರ್ಷದ ಮಾತು. ಪಿರಿಯಾಪಟ್ಟಣದ ಸ್ಟ್ಯಾಂಡಿನಲ್ಲಿ, ಸುರಿಯುವ ಮಳೆಯಲ್ಲಿ, ಇಳಿಯುವವರಿಗೆ "ನೋಡ್ಕೊಂಡು ಇಳೀರಿ, ಜಾರ್ತದೆ" ಎಂದು ಬುದ್ಧಿ ಹೇಳುತ್ತ ನಾನೇ ಫುಟ್‌ಬೋರ್ಡಿನಿಂದ ಜಾರಿ ಬಿದ್ದೆ. ಮುಂಗೈ ಮೂಳೆ ಹೋಯಿತು. ಆಸ್ಪತ್ರೆಯಲ್ಲಿ ಸಿಮೆಂಟ್ ಕಟ್ಟು ಹಾಕಿ ಮನೆಗೆ ಕಳಿಸಿದರು. ಗಂಡ ಮಂಗಳೂರು ರೂಟಿನ ಡ್ರೈವರ್, ಮನೆಯಲ್ಲಿರುವುದೇ ಅಪರೂಪ. ಹುಣಸೂರಿನ ಮನೆಗೆ ಬೀಗ ಹಾಕಿ ಕಂಪಲಾಪುರದ ಒಳಗಿರುವ ತವರಿಗೆ ಬಂದೆ. ಬೇಸಾಯಗಾರರ ಮನೆಯಲ್ಲಿ ಸೀಸನ್ ಹೊತ್ತಿನಲ್ಲಿ ಒಂದು ಕೈಯವರು ಲೆಕ್ಕಕ್ಕಿಲ್ಲ. ಎಲ್ಲರೂ ಓಡಾಡುವಾಗ ನಾನು ಕಂಬಕ್ಕೆ ಒರಗಿ ಕೂತು ನೋಡುವುದು, ಇಲ್ಲದ ಸಲಹೆ ಕೊಡುವುದು, ಬೈಸಿಕೊಳ್ಳುವುದು. ಹಾಗಾಗಿ ಆ ಸೀಸನ್ನನ್ನು ನನ್ನಷ್ಟು ಪೂರ್ತಿಯಾಗಿ ನೋಡಿದವರು ಆ ಮನೆಯಲ್ಲಿ ಇನ್ನೊಬ್ಬರಿಲ್ಲ.

ಅಪ್ಪ ಹೋದ ಮೇಲೆ ಬ್ಯಾರನ್ ಅವ್ವನ ಸುಪರ್ದಿಗೆ ಬಂದಿತ್ತು. ಬ್ಯಾರನ್ ಅಂದರೆ ಕಿಟಕಿ ಇಲ್ಲದ, ಎರಡು ಮಾಳಿಗೆಯಷ್ಟು ಎತ್ತರದ ಕೋಣೆ. ಕಡ್ಡಿಗಳಿಗೆ ಕಟ್ಟಿದ ಸೊಪ್ಪನ್ನು ಒಳಗೆ ಅಟ್ಟ ಅಟ್ಟವಾಗಿ ತೂಗುಹಾಕಿ, ಹೊರಗಿನ ಒಲೆಯಿಂದ ದಿನಗಟ್ಟಲೆ ಬಿಸಿ ಕೊಡಬೇಕು. ಮೊದಲು ಹಸಿರು ಹೋಗಿ ಹಳದಿ ಬರಬೇಕು, ಬಂದ ಹಳದಿ ನಿಲ್ಲಬೇಕು, ಆಮೇಲೆ ನರ ಒಣಗಬೇಕು. ನಡುವೆ ಬೆಂಕಿ ಇಳಿದರೂ ಕೆಟ್ಟಿತು, ಏರಿದರೂ ಕೆಟ್ಟಿತು. ಒಲೆಗೆ ಬೆಂಕಿ ಬಿದ್ದ ಮೇಲೆ ಅವ್ವ ಊರು ಬಿಡುವುದಿಲ್ಲ. ಸ್ವಂತ ತಮ್ಮನ ಮಗಳ ಮದುವೆಗೂ ಹೋಗದೆ ಆ ಕಡೆಯವರೊಂದಿಗೆ ಮಾತು ಬಿಟ್ಟುಕೊಂಡವಳು. ಮಂಜ, ಅಂದರೆ ನನ್ನ ತಮ್ಮ, ಒಲೆಯ ಹತ್ತಿರ ಹೋದರೆ "ನೀನು ಮಿಷನ್ ರಿಪೇರಿ ಮಾಡು ಓಗ್ಲಾ, ಇದು ನಿಂಗಾಗದಲ್ಲ" ಎಂದು ಓಡಿಸುತ್ತಿದ್ದಳು.

ಮಂಜ ಡೀಸೆಲ್ ಮೆಕ್ಯಾನಿಕ್. ಯಾರೋ ಏಜೆಂಟನ ಮೂಲಕ ಪಪುವಾ ನ್ಯೂಗಿನಿ ಎಂಬ ದೇಶಕ್ಕೆ, ಮರದ ಕಂಪನಿಯೊಂದರ ಜನರೇಟರ್ ನೋಡಿಕೊಳ್ಳಲು ಹೋಗಿದ್ದ. ಬರುವಾಗ ಗೀಮಾಳನ್ನು ಮದುವೆಯಾಗಿ ಕರೆದುಕೊಂಡು ಬಂದ. ಉಂಗುರ ಉಂಗುರ ಕೂದಲಿನ, ದೊಡ್ಡದಾಗಿ ನಗುವ ಹೆಂಗಸು. ಊರಿನವರು ಮೊದಲ ವಾರ ಅವಳನ್ನು ನೋಡಲು ಬಂದರು, ಎರಡನೆಯ ವಾರ ಸೊಪ್ಪು ಮುರಿಯಲು ಕರೆದರು. ನಾನು ಕೈ ಮುರಿದುಕೊಂಡು ಬರುವ ಹೊತ್ತಿಗೆ ಅವಳು ಬಂದು ವರ್ಷ ದಾಟಿತ್ತು. ಕನ್ನಡ ನಮ್ಮ ಕೇರಿಯ ಕನ್ನಡವೇ. "ಅಕ್ಕ, ಕೈ ನೋಯ್ತದಾ? ಬುಡು, ನಾನು ಉಣ್ಣುಸ್ತೀನಿ" ಎಂದು ಮೊದಲ ದಿನವೇ ನನ್ನ ತಟ್ಟೆಗೆ ಕೈ ಹಾಕಿದಳು.

ಸೊಪ್ಪು ಕಟ್ಟುವುದು ಜೋಡಿ ಕೆಲಸ. ಒಬ್ಬರು ಎಲೆಗಳನ್ನು ಹೊಂದಿಸಿ ಕೊಡಬೇಕು, ಇನ್ನೊಬ್ಬರು ಕಡ್ಡಿಗೆ ದಾರ ಸುತ್ತಿ ಕಟ್ಟಬೇಕು. ಅವ್ವ ಕೊಡುವವಳು, ಗೀಮಾ ಕಟ್ಟುವವಳು. ಮೀನುಬಲೆ ಹೆಣೆದು ಬೆಳೆದ ಕೈ, ದಾರ ಅವಳ ಮಾತು ಕೇಳುತ್ತಿತ್ತು. ಅವ್ವ ಬಾಯಲ್ಲಿ ಹೊಗಳುತ್ತಿರಲಿಲ್ಲ, ಆದರೆ ಬೇರೆ ಯಾರ ಜೊತೆಗೂ ಕೂರುತ್ತಿರಲಿಲ್ಲ. ಕಡ್ಡಿಗಳನ್ನು ಬ್ಯಾರನ್ ಒಳಗೆ ಏರಿಸುವ ದಿನ ಕೆಳಗೆ ನಿಂತ ಹೆಂಗಸರಿಗೆ ಮೇಲೆ ಅಟ್ಟದಲ್ಲಿ ನಿಂತವರು ಕಾಣುವುದಿಲ್ಲ. ಕಡ್ಡಿ ಅವರ ಕೈ ಸೇರಿತೋ ಇಲ್ಲವೋ ಎಂದು ಕೂಗಿ ಕೇಳಬೇಕು. ಗೀಮಾ ತನ್ನ ಭಾಷೆಯಲ್ಲಿ "ಎ ಲಾಕೋ?" ಎನ್ನುತ್ತಿದ್ದಳು. ಹೋಯಿತಾ ಎಂದು ಅರ್ಥ. ಅವರಲ್ಲಿ ಹೋದನಾ, ಹೋದಳಾ, ಹೋಯಿತಾ ಎಲ್ಲಕ್ಕೂ ಅದೊಂದೇ. ಕೆಲಸದವರಿಗೆಲ್ಲ ಅದು ಹಿಡಿಸಿ, ಸಾಲಿನಲ್ಲಿ ನಿಂತವರೆಲ್ಲ "ಎ ಲಾಕೋ? ಎ ಲಾಕೋ?" ಎಂದು ಕೂಗುವವರೇ. ಅವ್ವ ಮಾತ್ರ ಬಿಗುಮಾನದಿಂದ "ಓಯ್ತಾ?" ಎಂದೇ ಕೇಳುತ್ತಿದ್ದಳು.

ನನ್ನ ರೂಟಿನಲ್ಲಿ ಭಾಷೆಗಳಿಗೆ ಬರವಿಲ್ಲ. ಬೈಲಕುಪ್ಪೆಯಲ್ಲಿ ಟಿಬೆಟನ್ನರು ಹತ್ತುತ್ತಾರೆ, ಕುಶಾಲನಗರದಲ್ಲಿ ಕೊಡವ ತಕ್ಕು ಕೇಳುತ್ತದೆ, ಮಲಯಾಳ ಎಲ್ಲಿ ಬೇಕಾದರೂ. ಹಾಗಾಗಿ ಗೀಮಾಳ ಭಾಷೆ ಯಾವುದು, ಎಷ್ಟು ಜನ ಆಡುತ್ತಾರೆ ಎಂದು ಕೇಳಿದೆ.

"ನಮ್ಮೂರವ್ರು" ಎಂದಳು.

"ನಿಮ್ಮೂರವ್ರು ಸರಿ, ಇನ್ಯಾರು?"

"ಇನ್ಯಾರೂ ಇಲ್ಲ ಅಕ್ಕ. ನಮ್ಮೂರು ಸಮುದ್ರದ ದಡ. ಹೊಳೆ ದಾಟುದ್ರೆ ಪಕ್ಕದೂರು. ಅವ್ರುದು ಬೇರೆ ಮಾತು. ಅದರಾಚೆ ಊರುದು ಇನ್ನೊಂದು."

ಎಲೆ ಹೊಂದಿಸುತ್ತಿದ್ದ ಅವ್ವ ಕೈ ನಿಲ್ಲಿಸಿದಳು. "ಒಂದೂರಿಗೆ ಒಂದೊಂದು ಮಾತಾ? ಅಂಗಾದ್ರೆ ಎಣ್ಣು ಕೊಡೋದು ತರೋದು ಎಂಗವ್ವಾ?"

"ಹೆಣ್ಣು ಬತ್ತಾಳೆ ಅತ್ತೆ. ಅವಳ ಜೊತೆ ಮಾತೂ ಬತ್ತದೆ. ಎಲ್ರಿಗೂ ಎರಡು ಮೂರು ಮಾತು ಗೊತ್ತು."

"ಅದೇನ್ ದೇಶವೋ" ಎಂದು ಅವ್ವ ಎಲೆ ಕೊಡುವುದನ್ನು ಮುಂದುವರಿಸಿದಳು. ಅಂಥ ಊರಿನಿಂದ ಬಂದ ಹೆಣ್ಣು ಎದುರಿಗೇ ಕೂತಿದ್ದಾಳೆ, ಅವಳ ಮಾತೂ ಮನೆಯೊಳಗೆ ಬಂದಾಗಿದೆ ಎಂಬುದು ಅವಳಿಗೆ ಹೊಳೆದಂತಿರಲಿಲ್ಲ. ಅಥವಾ ಹೊಳೆದೂ ಸುಮ್ಮನಿದ್ದಳೋ ಏನೋ.

ಪ್ರತಿ ಭಾನುವಾರ ಗೀಮಾಳಿಗೆ ಅವಳ ಅವ್ವನ ಫೋನು. ಆ ಊರಿನಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ತುದಿಯಲ್ಲಿ ಮಾತ್ರವಂತೆ. ಮುದುಕಿಗೆ ಎದೆ ಬೇನೆ. ಅಂಥವಳನ್ನು ಯಾರೋ ಸಂಬಂಧಿಕರು ಎತ್ತಿಕೊಂಡು ಹೋಗಿ ಕೂರಿಸಿ ಫೋನ್ ಹಚ್ಚಿಕೊಡುತ್ತಿದ್ದರು. ಇಷ್ಟು ಕಷ್ಟಪಟ್ಟು ಮಾಡಿದ ಫೋನಿನಲ್ಲಿ ಅವರು ಊಟ ಆಯಿತಾ, ಮಳೆ ಬಂತಾ ಎಂದು ಎರಡು ಮಾತಾಡಿ, ಆಮೇಲೆ ಒಂದೇ ಕೆಲಸ ಮಾಡುತ್ತಿದ್ದರು. ತಾಯಿ ಒಂದು ಹೆಸರು ಹೇಳುವುದು, ಮಗಳು ಗಟ್ಟಿಯಾಗಿ ಹೇಳುವುದು. ಇನ್ನೊಂದು ಹೆಸರು, ಮತ್ತೆ ಮೊದಲಿಂದ. ಒಂದು ಕಡೆ ಬಂದರೆ ಗೀಮಾ ಯಾವಾಗಲೂ ತಡವರಿಸುತ್ತಿದ್ದಳು. ಆಗ ಸ್ಪೀಕರಿನಿಂದ ಮುದುಕಿ ಬೈಯುವುದು ನಮಗೂ ಕೇಳುತ್ತಿತ್ತು. ಬೈಗುಳಕ್ಕೆ ಭಾಷೆ ಬೇಕಾಗಿಲ್ಲ.

"ಅದೇನ್ ಮಗ್ಗಿ ಒಪ್ಪುಸ್ತಾಳಾ ಇವ್ಳು?" ಎಂದು ಅವ್ವ ಸಿಡಿಮಿಡಿಗುಟ್ಟುತ್ತಿದ್ದಳು. ಮನೆಯ ಮುಂದೆ ಹೋಗಿಬರುವವರು ನಿಂತು ಕೇಳುತ್ತಾರೆ, ಮಾಟ ಮಂತ್ರ ಅಂತ ಸುದ್ದಿ ಹಬ್ಬುತ್ತದೆ ಎಂಬುದು ಅವಳ ಚಿಂತೆ. ಒಂದು ಭಾನುವಾರ ಕೊನೆಗೂ ಹೇಳಿಯೇಬಿಟ್ಟಳು: "ನೋಡವ್ವ, ಬೀದಿಲಿ ಕುಂತು ಕೂಗಬ್ಯಾಡ. ಬ್ಯಾರನ್ ಹಿಂದ್ಕೋಗು." ಗೀಮಾ ಎದ್ದು ಬ್ಯಾರನ್ ಹಿಂದೆ ಹೋದಳು. ಬ್ಯಾರನ್ ಹಿಂದೆ ಇರುವುದು ಒಲೆ. ಒಲೆಯ ಮುಂದೆ ಸೀಸನ್ ಪೂರ್ತಿ ಕೂರುವವಳು ಅವ್ವ. ಓಡಿಸಿದ ಗಲಾಟೆ ಅವಳ ಕಿವಿಯ ಪಕ್ಕಕ್ಕೇ ಬಂದು ಕೂತಿತು. ಅದನ್ನು ಹೇಳಿ ನಾನು ನಕ್ಕಿದ್ದಕ್ಕೆ ಅವ್ವ ಎರಡು ದಿನ ನನಗೆ ಚಟ್ನಿ ಕೊಡಲಿಲ್ಲ.

ಆ ಹೆಸರುಗಳು ಏನು ಎಂದು ಗೀಮಾ ನನಗೆ ಹೇಳಿದ್ದು ಸೊಪ್ಪು ಕಟ್ಟುವಾಗಲೇ. ಅವರಲ್ಲಿ ಹೆಂಗಸು ಸತ್ತರೆ ಮಗಳು ನೀರಿಗೆ ಮುಖ ಮಾಡಿ ಕೂತು ಅವಳಿಗೆ ದಾರಿ ಹೇಳಬೇಕು. ಮನೆಯ ಏಣಿಯಿಂದ ಶುರುಮಾಡಿ, ದಡದುದ್ದಕ್ಕೂ ಒಂದೊಂದೇ ಜಾಗದ ಹೆಸರು ಹಿಡಿದು, ಹವಳದ ದಿಬ್ಬ ಒಡೆದು ದೊಡ್ಡ ಸಮುದ್ರಕ್ಕೆ ಬಾಗಿಲಾಗುವವರೆಗೆ. ಒಂದು ಜಾಗ ಬಿಟ್ಟರೆ ಸತ್ತವಳು ಅಲ್ಲೇ ನಿಂತುಬಿಡುತ್ತಾಳೆ. ಹೆಸರುಗಳು ಬೇರೆ ಯಾವ ಭಾಷೆಯಲ್ಲೂ ಇಲ್ಲ. ಊರಿನಲ್ಲಿ ಈಗ ಎಲ್ಲರೂ ಚರ್ಚಿನ ಪ್ರಾರ್ಥನೆ ಮಾಡಿ ಮಣ್ಣು ಮಾಡುತ್ತಾರೆ, ಪೂರ್ತಿ ದಾರಿ ಗೊತ್ತಿದ್ದವಳು ಅವಳ ಅವ್ವ ಒಬ್ಬಳೇ. ಗೀಮಾ ಚಿಕ್ಕವಳಿದ್ದಾಗಲೇ ಬಂದರಿನ ಊರಿಗೆ ಓದಲು ಹೋದವಳು, ಕಲಿತಿರಲಿಲ್ಲ. ಈಗ ಮುದುಕಿ ತನ್ನ ದಾರಿಯನ್ನು ತಾನೇ ಮಗಳಿಗೆ ಕಲಿಸುತ್ತಿದ್ದಳು.

"ರೆಕಾರ್ಡ್ ಮಾಡ್ಕೊಂಡ್ರಾಯ್ತಲ್ಲ" ಎಂದೆ.

ಗೀಮಾ ದಾರ ಕಚ್ಚಿ ಹರಿದಳು. "ಬದುಕಿರೋರ ದಾರಿ ಬರ್ಕೋಬಾರ್ದು, ಇಟ್ಕೋಬಾರ್ದು ಅಕ್ಕ. ಬರ್ದ್ರೆ ಬೇಗ ಹೊಂಟೋಯ್ತಾರೆ."

ಇನ್ನೂ ಒಂದು ನಿಯಮವಿತ್ತು. ಹೇಳುವವಳು ಒಬ್ಬಳೇ ಹೇಳುವಂತಿಲ್ಲ. ಪ್ರತಿ ಜಾಗದ ಹೆಸರಾದ ಮೇಲೆ ಇನ್ನೊಬ್ಬ ಹೆಂಗಸು ಅವರ ಭಾಷೆಯಲ್ಲೇ "ಎ ಲಾಕೋ?" ಎಂದು ಕೇಳಬೇಕು. ದಾಟಿದಳಾ ಎಂದು. ಕೇಳಿದರೆ ಮಾತ್ರ ಮುಂದಿನ ಹೆಸರು. ಕೊನೆಯ ಹೆಸರಿಗೆ ಮಾತ್ರ ಕೇಳುವಂತಿಲ್ಲ. "ಅಷ್ಟೇ ತಾನೇ, ನಾನೇ ಕೇಳ್ತೀನಿ ಬುಡು. ಇಡೀ ದಿನ ಇಳುದ್ರಾ ಇಳುದ್ರಾ ಅಂತ ಕೇಳೋದೇ ನನ್ ಕೆಲ್ಸ" ಎಂದೆ.

ಗೀಮಾ ನಗಲಿಲ್ಲ. "ನೀನು ಕೇಳೋ ಹಂಗಿಲ್ಲ ಅಕ್ಕ. ತನ್ನವ್ವನ್ನ ಕಳ್ಕೊಂಡಿರೋಳೇ ಕೇಳ್ಬೇಕು. ನಿನ್ನವ್ವ ಅವ್ರೆ."

ಇಬ್ಬರೂ ಅವ್ವನ ಕಡೆ ನೋಡಿದೆವು. ಅವ್ವನ ತಾಯಿ ಹೋಗಿ ಎಷ್ಟೋ ಕಾಲವಾಗಿತ್ತು. ಅವ್ವ ಎಲೆಯ ರಾಶಿಯಿಂದ ತಲೆ ಎತ್ತಲಿಲ್ಲ. "ನನ್ನ್ಯಾಕ್ ನೋಡ್ತೀರಿ? ಗೊತ್ತಿಲ್ದಿರೋ ಮಾತ್ನ, ಗೊತ್ತಿಲ್ದಿರೋ ಸಾವಿಗೆ, ನಾನ್ ಆಡಕಿಲ್ಲ. ಯಾವ್ ದೇವ್ರ ಕರ್ದಂಗಾಯ್ತದೋ, ಯಾರ್ ಬಂದ್ ಕುಂತ್ಕತಾರೋ." ಗೀಮಾ ತಲೆ ತಗ್ಗಿಸಿ ಕಟ್ಟತೊಡಗಿದಳು. ನನಗೆ ಅವ್ವನ ಮೇಲೆ ಕೆಟ್ಟ ಸಿಟ್ಟು ಬಂತು, ಹೇಳಿದೆ ಕೂಡ. ಅವಳು ಇನ್ನೊಂದು ಹಿಡಿ ಎಲೆ ಎತ್ತಿಕೊಟ್ಟಳು, ಅಷ್ಟೆ.

ಸೆಪ್ಟೆಂಬರಿನಲ್ಲಿ ಸುದ್ದಿ ಬಂತು. ವಾರದ ನಡುವೆ, ಬೆಳಗಿನ ಹೊತ್ತು ಫೋನು ಬಂದಾಗಲೇ ಗೀಮಾಳಿಗೆ ಗೊತ್ತಾಯಿತು. ಮಾತಾಡಿ ಮುಗಿಸಿ ಬಂದು ಕೂತು, ಅರ್ಧ ಕಟ್ಟಿದ್ದ ಕಡ್ಡಿಯನ್ನು ಪೂರ್ತಿ ಮಾಡಿದಳು. ಆಮೇಲೆ ಹೇಳಿದಳು. ಮಾರನೆಯ ದಿನ ಬೆಳಗ್ಗೆ ಅಲ್ಲಿ ಮಣ್ಣು ಮಾಡುತ್ತಾರೆ. ಹೋಗಲು ಸಾಧ್ಯವಿಲ್ಲ ಎಂದು ಅವಳಿಗೂ ಗೊತ್ತಿತ್ತು. ವಿಮಾನ ಇಳಿದ ಮೇಲೂ ದಿನಗಟ್ಟಲೆ ದೋಣಿ. ಮಂಜ ಅವಳ ಪಕ್ಕ ಕೂತು ಬೆನ್ನು ಸವರಿದ.

"ಸಮುದ್ರ ಯಾವ ಕಡೆ ಅಕ್ಕ?" ಎಂದು ಕೇಳಿದಳು.

ಇಡೀ ಜನ್ಮ ಬಸ್ಸಿನಲ್ಲಿ ಕಳೆದವಳು ನಾನು, ಯಾವ ಊರಿಗೆ ಯಾವ ದಾರಿ ಎಂದು ನಿದ್ದೆಯಲ್ಲೂ ಹೇಳುತ್ತೇನೆ. ಘಟ್ಟ ಇಳಿದರೆ ಮಂಗಳೂರು, ಒಂದಿಡೀ ದಿನದ ಮಾತು. ಬ್ಯಾರನ್‌ನಲ್ಲಿ ಹಳದಿ ಬಂದು ನಿಲ್ಲುವ ಹೊತ್ತು, ಬೆಂಕಿಯನ್ನು ಇಂಚಿಂಚಾಗಿ ಏರಿಸಬೇಕಾದ ದಿನ. ಮನೆಯಿಂದ ಯಾರು ಕದಲುತ್ತಾರೆ?

ಒಲೆಯ ಹತ್ತಿರದಿಂದ ಅವ್ವ ಬಂದಳು. ಕೈಯಲ್ಲಿ ಸೌದೆಯ ಪುಡಿ. "ಮಂಜ, ಒಲೆ ನೋಡ್ಕೋ. ಬಿಸಿ ಒಂದೇ ಸಮ ಇರ್ಲಿ, ಆತುರ ಬೀಳ್ಬ್ಯಾಡ" ಎಂದಳು. ಮಂಜ ಬಾಯಿ ಬಿಟ್ಟುಕೊಂಡು ನೋಡಿದ. ನಾನೂ ನೋಡಿದೆ. ಅವ್ವ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ಬೇರೆ ಸೀರೆ ಉಟ್ಟು ಬಂದಳು. "ಏಳವ್ವ ಗೀಮಾ. ಚುಂಚನಕಟ್ಟೆಗೆ ಓಗವ. ಆ ನೀರು ಸಮುದ್ರಕ್ಕೇ ಓಗದು. ನಮ್ಮವ್ವನ್ ಬೂದಿನೂ ಅಲ್ಲೇ ಬುಟ್ಟಿದ್ದು."

ಕಾವೇರಿ ನಮಗೆ ಕೊಪ್ಪದ ಹತ್ತಿರವೇ ಸಿಗುತ್ತದೆ, ಅಷ್ಟು ದೂರ ಯಾಕೆ ಎಂದು ನಾನು ಬಾಯಿ ಹಾಕಹೋದೆ. ಅವ್ವನ ತವರು ಚುಂಚನಕಟ್ಟೆಯ ಪಕ್ಕ. ಅವಳಿಗೆ ಬೇರೆ ನೀರಿನ ಮೇಲೆ ನಂಬಿಕೆಯಿಲ್ಲ. ಪಕ್ಕದ ಮನೆಯವರ ಓಮ್ನಿಯಲ್ಲಿ ಬೆಟ್ಟದಪುರದ ಮೇಲೆ ಹೊರಟೆವು.

ಮಳೆಗಾಲದ ಚುಂಚನಕಟ್ಟೆ. ಒಡ್ಡಿನ ಮೇಲೆ ಹೊಳೆ ಉಕ್ಕಿ, ಕೆಳಗೆ ಬಂಡೆಗಳ ಮೇಲೆ ಧುಮುಕುತ್ತಿತ್ತು. ವ್ಯಾನು ಇಳಿಯುತ್ತಲೇ ಗೀಮಾ ನಿಂತುಬಿಟ್ಟಳು. ಸದ್ದು ಕೇಳಿಸಿಕೊಳ್ಳುತ್ತಿದ್ದಳು. "ನಮ್ಮನೇಲಿ ಮಲಗುದ್ರೆ ಹಿಂಗೇ ಕೇಳ್ತದೆ" ಎಂದಳು. ಆವರೆಗೆ ಅಳದಿದ್ದವಳು ಆಗ ಅತ್ತಳು. ಅವ್ವ ಅವಳ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿ, ನೀರು ತಗ್ಗಿ ಹರಿಯುವ ಕಡೆ ಒಂದು ಬಂಡೆಯ ಮೇಲೆ ಕೂರಿಸಿ, ತಾನು ಅವಳ ಪಕ್ಕಕ್ಕೆ ಒತ್ತಿ ಕೂತಳು. ನಾನು ಸ್ವಲ್ಪ ಹಿಂದೆ ನಿಂತೆ.

ಗೀಮಾ ನೀರು ಹೋಗುವ ಕಡೆ ಮುಖ ಮಾಡಿ ಏಣಿಯ ಹೆಸರು ಹೇಳಿದಳು. ಹೇಳಿ ಕಾದಳು. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವಳ ತುಟಿ ಒಂದೆರಡು ಸಲ ಅಲುಗಿದ್ದು ಕಂಡಿತು. ಈಗಲೂ ಹಟ ಮಾಡಿದರೆ ಈ ಹುಡುಗಿ ಏನು ಮಾಡಬೇಕು?

"ಎ ಲಾಕೋ?" ಎಂದಳು ಅವ್ವ.

ಗೀಮಾ ಉಸಿರು ಬಿಟ್ಟಳು. ವಾಯ್ಮೌರಿ ಎಂದಳು, ಅದು ದಡದಲ್ಲಿ ಸಿಹಿನೀರು ಸಿಗುವ ಗುಂಡಿ ಎಂದು ಆಮೇಲೆ ನನಗೆ ಹೇಳಿದಳು. ಅವ್ವ ಕೇಳಿದಳು. ಇನ್ನೊಂದು ಹೆಸರು, ಮತ್ತೆ ಅವ್ವ. ಕಡ್ಡಿ ಕಟ್ಟುವಾಗ ಇಬ್ಬರ ಕೈಗೂ ಬರುತ್ತಿದ್ದ ಓಟ ಈಗ ಮಾತಿಗೆ ಬಂತು, ಒಬ್ಬಳು ಕೊಡುವುದು, ಒಬ್ಬಳು ಕಟ್ಟುವುದು. ಸ್ನಾನಕ್ಕೆ ಬಂದವರು ದೂರದಲ್ಲೇ ನಿಂತು ಕೈ ಮುಗಿದರು. ಯಾವ ಭಾಷೆ ಎಂದು ಗೊತ್ತಾಗದಿದ್ದರೂ ಯಾತರ ಮಾತು ಎಂದು ಗೊತ್ತಾಗಿತ್ತು.

ವಾತುರುವಾ ಎಂಬಲ್ಲಿಗೆ ಬಂದಾಗ ಗೀಮಾ ನಿಂತಳು. ಅದು ಎರಡು ಬಂಡೆಗಳಿರುವ ಜಾಗ. ಅವ್ವ "ಎ ಲಾಕೋ?" ಎಂದಳು. ಗೀಮಾ ಬಾಯಿ ತೆರೆದಳು, ಹೆಸರು ಬರಲಿಲ್ಲ. ಮತ್ತೆ ವಾತುರುವಾ ಎಂದಳು. ಮತ್ತೆ ಅವ್ವ ಕೇಳಿದಳು. ಗೀಮಾ ತಲೆ ಹಿಡಿದುಕೊಂಡಳು. ಫೋನಿನಲ್ಲಿ ಪ್ರತಿ ವಾರ ಎಡವುತ್ತಿದ್ದ ಜಾಗ. ಎಡವಿದಾಗ ಬೈದು ಎತ್ತುತ್ತಿದ್ದವಳು ಈಗ ಅದೇ ಜಾಗದಲ್ಲಿ, ಎರಡು ಬಂಡೆಗಳ ಹತ್ತಿರ, ನಿಂತಿದ್ದಾಳೆ. ಆ ಹೆಸರು ಗೊತ್ತಿರುವ ಇನ್ನೊಂದು ಜೀವ ಇಡೀ ಲೋಕದಲ್ಲಿ ಇರಲಿಲ್ಲ. ನಾನು ಹಾಗೆಂದುಕೊಂಡೆ.

ಅವ್ವ ಕಣ್ಣು ಮುಚ್ಚಿಕೊಂಡಳು. ಆಮೇಲೆ ಗೀಮಾಳ ಮಂಡಿಯ ಮೇಲೆ ತಟ್ಟಿ, "ಓಮುರಿ" ಎಂದಳು.

ಗೀಮಾ ತಿರುಗಿ ಅವಳ ಮುಖ ನೋಡಿದಳು.

"ಓಮುರಿ ಕಣವ್ವ. ಅಲ್ವಾ?"

"ಹೋಮುರಿ" ಎಂದಳು ಗೀಮಾ. ಅಳುತ್ತಲೇ, ನೀರಿಗೆ ಮುಖ ತಿರುಗಿಸಿ, ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು. ದೋಣಿಯನ್ನು ತಿರುಗಿಸುವ ಜಾಗವಂತೆ ಅದು. ಅಲ್ಲಿ ತಿರುಗದಿದ್ದರೆ ಬಾಗಿಲು ಸಿಗುವುದಿಲ್ಲ. ಅವ್ವ "ಎ ಲಾಕೋ?" ಎಂದಳು. ಅಲ್ಲಿಂದ ಮುಂದೆ ಎಲ್ಲೂ ನಿಲ್ಲಲಿಲ್ಲ. ಕೊನೆಯ ಹೆಸರು ಮಾತಾತಾಸಿ, ಸಮುದ್ರದ ಬಾಗಿಲು. ಅದಾದ ಮೇಲೆ ಕೇಳುವಂತಿಲ್ಲ. ಅವ್ವನಿಗೆ ಅದೂ ಗೊತ್ತಿತ್ತು, ಕೇಳಲಿಲ್ಲ. ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ಹೊಳೆಗೇ ಬಿಟ್ಟಳು.

ವಾಪಸು ಬರುವಾಗ ತಡೆಯಲಾರದೆ ಕೇಳಿದೆ, ಆ ಹೆಸರು ನಿನಗೆ ಹೇಗೆ ಬಂತು ಎಂದು. ಅವ್ವ ಕಿಟಕಿಯ ಹೊರಗೆ ಯಾರದೋ ಗದ್ದೆ ನೋಡುತ್ತಿದ್ದಳು. "ಅದೇನ್ ಕಲಿಯೋದಾ? ಅದೊಂದ್ ಜಾಗ್ದಲ್ಲಿ ಇವ್ಳು ತಪ್ಸೋದು, ಆವಮ್ಮ ಬಯ್ಯೋದು. ವಾರ ವಾರ ಕೇಳಿ ಕೇಳಿ ನಂಗೇ ಬಯ್ದಂಗಾಗದು. ಅಷ್ಟ್ ದೂರದಿಂದ ಒಬ್ಳು ತಾಯಿ ಉಸ್ರು ಕಟ್ಕೊಂಡು ಏಳ್ಕೊಡ್ತಾವ್ಳೆ, ಕಿವಿ ಮುಚ್ಕೊಳಾಕಾಯ್ತದಾ?" ಎಂದವಳು, ಮರುಕ್ಷಣವೇ "ಆ ಮುಂಡೇದು ಒಲೆ ಏನ್ ಮಾಡವ್ನೋ" ಎಂದಳು.

ಒಲೆ ಕೆಟ್ಟಿತ್ತು. ಮಂಜ ಹೆದರಿ ಹೆಚ್ಚು ಸೌದೆ ಹಾಕಿದ್ದ. ಆ ಬ್ಯಾರನ್ ಸೊಪ್ಪು ಹಳದಿ ನಿಲ್ಲದೆ ಕಂದಿತು, ಹರಾಜಿನಲ್ಲಿ ಯಾರೂ ಅದನ್ನು ಎತ್ತಿ ನೋಡಲಿಲ್ಲ. ಅವ್ವ ಅದಕ್ಕಾಗಿ ಮಂಜನನ್ನು ದೀಪಾವಳಿಯವರೆಗೂ ಬೈದಳು. ಗೀಮಾಳನ್ನು ಒಂದು ಮಾತೂ ಅನ್ನಲಿಲ್ಲ.

ನನ್ನ ಕಟ್ಟು ಬಿಚ್ಚಿ ಡ್ಯೂಟಿಗೆ ಹೊರಡುವ ಮುಂಚಿನ ಭಾನುವಾರ. ಫೋನು ಬರುವುದು ನಿಂತುಹೋಗಿತ್ತು. ಆ ಹೊತ್ತಿಗೆ ಗೀಮಾ ಬ್ಯಾರನ್ ಹಿಂದೆ ಹೋಗಿ ಸುಮ್ಮನೆ ಕೂರುತ್ತಿದ್ದಳು. ಅವತ್ತು ನಾನು ಕಾಫಿ ತೆಗೆದುಕೊಂಡು ಹೋದಾಗ ಅವ್ವ ಅವಳಿಗೆ ಹೇಳುತ್ತಿದ್ದಳು: "ನಮ್ಮನೆ ಒಸ್ಲು. ಏಳು."

"ನಮ್ಮನೆ ಒಸ್ಲು" ಎಂದಳು ಗೀಮಾ.

"ಬ್ಯಾರನ್. ಒಂಗೆಮರ. ಆಮ್ಯಾಕೆ ಕಂಪಲಾಪುರದ ಗೇಟು."

"ಅದ್ಯಾಕವ್ವಾ ಈಗ?" ಎಂದು ನಾನು ರೇಗಿದೆ.

"ನಿಂಗಲ್ಲ ಕಣೇ ಏಳ್ತಿರೋದು, ಅವ್ಳಿಗೆ. ನೀನು ಕೇಳೋಳು" ಎಂದು ಅವ್ವ ಲೋಟ ತೆಗೆದುಕೊಂಡಳು.

ಅದಾಗಿ ಕೆಲವು ವರ್ಷವಾಯಿತು. ಅವ್ವನ ದಾರಿ ಈಗ ಚುಂಚನಕಟ್ಟೆಯ ಬಂಡೆಯವರೆಗೂ ಮುಟ್ಟಿದೆ, ಗೀಮಾ ಎಲ್ಲೂ ಎಡವುವುದಿಲ್ಲ. ಕಂಪಲಾಪುರದಲ್ಲಿ ಬಸ್ಸು ನಿಂತಾಗ ಆ ವಾಸನೆ ಬರುತ್ತದೆ, ಅಂದರೆ ಅವ್ವ ಒಲೆಯ ಮುಂದೆ ಕೂತಿದ್ದಾಳೆ ಎಂದು ಅರ್ಥ. ನಾನು ಕೇಳಬೇಕಾದ ಮಾತು ನನಗೆ ಚೆನ್ನಾಗಿ ಬರುತ್ತದೆ. ಕೇಳುವ ಅರ್ಹತೆ ಇನ್ನೂ ಬಂದಿಲ್ಲ. ಬರುವುದು ಬೇಡ ಎಂದುಕೊಂಡು ರೈಟ್ ಹೇಳುತ್ತೇನೆ.